ಮನಶ್ಶಾಸ್ತ್ರಜ್ಞರ ಬಾಗಿಲಲ್ಲಿ ಮೊದಲ ಸಲ



ಜ್ವರ ಬಂದರೆ ಎಲ್ಲಿಗೆ ಹೋಗಬೇಕು, ಅಲ್ಲಿ ಏನೇನಾಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೀಟಿ ಮಾಡಿಸುತ್ತೇವೆ, ಬೆಂಚಿನ ಮೇಲೆ ಕೂರುತ್ತೇವೆ, ಸರದಿ ಬಂದಾಗ ಒಳಗೆ ಹೋಗುತ್ತೇವೆ. ಡಾಕ್ಟರು ನಾಡಿ ನೋಡುತ್ತಾರೆ, ನಾಲಿಗೆ ನೋಡುತ್ತಾರೆ, ಮಾತ್ರೆ ಬರೆದುಕೊಡುತ್ತಾರೆ. ಚಿಕ್ಕಂದಿನಿಂದ ಕಂಡು ಗೊತ್ತಿರುವ ದಾರಿ ಅದು. ಆದರೆ ತಿಂಗಳುಗಟ್ಟಲೆ ನಿದ್ದೆ ಹತ್ತುತ್ತಿಲ್ಲ, ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ, ಕೂತಲ್ಲಿ ನಿಂತಲ್ಲಿ ಎದೆ ಡವಗುಟ್ಟುತ್ತದೆ ಎಂದಾಗ, ‘ಒಮ್ಮೆ ಮನಶ್ಶಾಸ್ತ್ರಜ್ಞರನ್ನು ಕಂಡು ಬಾ’ ಎಂದು ಯಾರಾದರೂ ಹೇಳಿದರೆ ನಮ್ಮ ಕಾಲು ಏಳುವುದಿಲ್ಲ. ಅಲ್ಲಿ ಏನು ಕೇಳುತ್ತಾರೋ, ಏನು ಬರೆದುಕೊಳ್ಳುತ್ತಾರೋ, ಕರೆಂಟು ಕೊಡುತ್ತಾರೋ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಾಯಿಬಿಡಿಸುತ್ತಾರೋ, ಹೊರಗೆ ಬರುವಾಗ ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಏನು ಗತಿಯೋ! ಹೀಗೆ ನೂರೆಂಟು ಅಳುಕು.

ನಾನು ಆಸ್ಪತ್ರೆಯೊಂದರಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುವವಳು. ಮೊದಲ ಸಲ ಬರುವವರು ಬಾಗಿಲ ಬಳಿ ನಿಂತು ಒಳಗೆ ಇಣುಕುವ ಆ ನೋಟ ನನಗೆ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ನೋವು ನುಂಗಿ, ಬೇರೆ ದಾರಿಯೇ ಕಾಣದಾದಾಗ ಬಂದವರು ಅವರಲ್ಲಿ ಹೆಚ್ಚು. ಇವರು ಇನ್ನೂ ಮೊದಲೇ ಬಂದಿದ್ದರೆ ಎಷ್ಟು ಸಂಕಟ ತಪ್ಪುತ್ತಿತ್ತು ಎಂದು ನನಗೆ ಅನಿಸುತ್ತಲೇ ಇರುತ್ತದೆ. ಅದಕ್ಕೇ ಈ ಹೊತ್ತು ಕಾಯಿಲೆಗಳ ಪಟ್ಟಿ ಹೇಳದೆ, ಆ ಬಾಗಿಲ ಒಳಗೆ ಮೊದಲ ದಿನ ಏನು ನಡೆಯುತ್ತದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಗೊತ್ತಿರುವ ಜಾಗಕ್ಕೆ ಹೋಗಲು ಯಾರಿಗೂ ಅಷ್ಟು ಭಯವಾಗುವುದಿಲ್ಲ.

ಮನಶ್ಶಾಸ್ತ್ರಜ್ಞರ ಬಳಿಗೆ ಹೋಗುವವರೆಂದರೆ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ವೃತ್ತಿ ಶುರುವಾದ ಬಗೆ ನೋಡಿದರೆ ಆ ಭಾವನೆಗೆ ಬುಡವೇ ಇಲ್ಲ. 1896ರ ಮಾರ್ಚ್ ತಿಂಗಳು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಬ್ಬ ಶಾಲಾ ಶಿಕ್ಷಕಿ ತಮ್ಮ ತರಗತಿಯ ಹದಿನಾಲ್ಕು ವರ್ಷದ ಹುಡುಗನನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೈಟ್ನರ್ ವಿಟ್ಮರ್ ಅವರ ಹತ್ತಿರ ಕರೆದುಕೊಂಡು ಹೋದರು. ಹುಡುಗ ಪೆದ್ದನಲ್ಲ, ಆದರೆ ಪದಗಳ ಅಕ್ಷರಗಳನ್ನು ಮಾತ್ರ ಎಷ್ಟು ಕಲಿಸಿದರೂ ತಪ್ಪಾಗಿಯೇ ಬರೆಯುತ್ತಿದ್ದ. ಮನಸ್ಸಿನ ಬಗ್ಗೆ ಶಾಸ್ತ್ರ ಹೇಳುವವರು ಒಂದು ಮಗುವಿನ ಈ ಕಷ್ಟಕ್ಕೆ ಏನಾದರೂ ಮಾಡಲಾರರೇ ಎಂಬುದು ಆ ಶಿಕ್ಷಕಿಯ ಪ್ರಶ್ನೆ. ವಿಟ್ಮರ್ ಹುಡುಗನನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅವನ ಕಣ್ಣಿನಲ್ಲೇ ದೋಷವಿರುವುದು ಗೊತ್ತಾಯಿತು. ಕನ್ನಡಕ ಕೊಡಿಸಿ, ಆಮೇಲೆ ಅಕ್ಷರ ತಿದ್ದಿಸುವ ಅಭ್ಯಾಸ ಮಾಡಿಸಿದರು. ಅದೇ ವರ್ಷ ಅವರು ಅಲ್ಲಿ ತೆರೆದದ್ದು ಜಗತ್ತಿನ ಮೊದಲ ಮನಶ್ಶಾಸ್ತ್ರ ಚಿಕಿತ್ಸಾಲಯ. ಅಲ್ಲಿಗೆ ಬಂದ ಮೊದಲ ಮನುಷ್ಯ ಬರವಣಿಗೆಯಲ್ಲಿ ತೊಡಕಿದ್ದ ಒಬ್ಬ ಶಾಲಾ ಬಾಲಕ.

ಕನ್ನಡನಾಡಿಗೂ ಈ ವಿದ್ಯೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1935ರ ಹೊತ್ತಿಗಾಗಲೇ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಯಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರಿಗೆ ದೇಶದಲ್ಲಿ ತರಬೇತಿ ಶುರುವಾದದ್ದು ಅಲ್ಲಿಯೇ. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಯಾರನ್ನಾದರೂ ಮೂದಲಿಸಬೇಕಾದರೆ ‘ನಿಮ್ಹಾನ್ಸ್‌ಗೆ ಸೇರಿಸಬೇಕು ನೋಡು’ ಎನ್ನುವ ಜನ ಇಂದಿಗೂ ಇದ್ದಾರೆ. ತಲೆಗೆ ಪೆಟ್ಟು ಬಿದ್ದವರು, ಪಾರ್ಶ್ವವಾಯು ಬಡಿದವರು, ಮೂರ್ಛೆರೋಗದವರು ಹೀಗೆ ಎಷ್ಟೋ ಮಂದಿ ಜೀವ ಉಳಿಸಿಕೊಳ್ಳಲು ಹೋಗುವುದೂ ಅದೇ ಆಸ್ಪತ್ರೆಗೆ. ಅದರ ಹೆಸರನ್ನು ಬೈಗುಳ ಮಾಡಿಕೊಂಡಿರುವುದು ನಮ್ಮ ನಾಲಿಗೆಗೆ ಶೋಭೆಯಲ್ಲ.

ಹಿಂಜರಿಕೆಗೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂಥವರಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಾದರೂ, ನೂರಕ್ಕೆ 70ರಿಂದ 92. ಅಂದರೆ ಹತ್ತು ಜನ ನರಳುತ್ತಿದ್ದರೆ ಏಳರಿಂದ ಒಂಬತ್ತು ಜನ ಸುಮ್ಮನೆ ಮನೆಯಲ್ಲೇ ನರಳುತ್ತಿದ್ದಾರೆ. ತಜ್ಞರ ಕೊರತೆ ಇದೆ, ದೂರ ಇದೆ, ದುಡ್ಡಿನ ಪ್ರಶ್ನೆ ಇದೆ, ಎಲ್ಲವೂ ನಿಜ. ಆದರೆ ಕೂಗಳತೆಯ ದೂರದಲ್ಲಿ ಸೌಲಭ್ಯವಿದ್ದೂ ಹೋಗದವರನ್ನು ನಾನು ದಿನವೂ ಕಾಣುತ್ತೇನೆ. ಅವರಿಗಾಗಿ ಈ ಮಾತು.

ಮೊದಲು, ಯಾರ ಹತ್ತಿರ ಹೋಗಬೇಕು? ಇಲ್ಲಿಯೇ ಎಷ್ಟೋ ಜನಕ್ಕೆ ಗೊಂದಲ. ಮನೋವೈದ್ಯರು ಎಂದರೆ ಎಂಬಿಬಿಎಸ್ ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಪರಿಣತಿ ಪಡೆದ ಡಾಕ್ಟರು. ಅವರು ಮಾತ್ರೆ ಬರೆಯುತ್ತಾರೆ. ನನ್ನಂಥ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಆಸ್ಪತ್ರೆಯಲ್ಲಿ ಎರಡು ವರ್ಷ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದವರು. ನಾವು ಮಾತ್ರೆ ಬರೆಯುವುದಿಲ್ಲ. ಮಾತುಕತೆ, ಅಭ್ಯಾಸ, ಪರೀಕ್ಷೆಗಳ ಮೂಲಕ ಕೆಲಸ ಮಾಡುತ್ತೇವೆ. ಇನ್ನು ಆಪ್ತಸಮಾಲೋಚಕರು. ಶಾಲೆ, ಕಾಲೇಜು, ಕುಟುಂಬ ಸಲಹಾ ಕೇಂದ್ರಗಳಲ್ಲಿ ಇರುತ್ತಾರೆ. ನಿತ್ಯದ ಬದುಕಿನ ತೊಡಕುಗಳಲ್ಲಿ ಕೈಹಿಡಿಯುತ್ತಾರೆ. ಮೊದಲು ಯಾರನ್ನು ಕಂಡರೂ ಪರವಾಗಿಲ್ಲ. ಅಗತ್ಯ ಬಿದ್ದರೆ ಒಬ್ಬರು ಇನ್ನೊಬ್ಬರ ಬಳಿಗೆ ಕಳಿಸುತ್ತಾರೆ.

ಆದರೆ ಒಂದು ಎಚ್ಚರ. ಯಾರಿಗೋ ಇಲ್ಲದ ದನಿಗಳು ಕಿವಿಯಲ್ಲಿ ಕೇಳುತ್ತಿವೆ, ಹಲವು ರಾತ್ರಿ ಒಂದು ಕ್ಷಣವೂ ನಿದ್ದೆಯಿಲ್ಲದೆ ಓಡಾಡುತ್ತಿದ್ದಾರೆ, ಊಟ ನೀರು ಬಿಟ್ಟಿದ್ದಾರೆ, ಸಾಯುವ ಮಾತಾಡುತ್ತಿದ್ದಾರೆ ಎಂದಾದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾಗೆಯೇ ಬಹುಕಾಲದಿಂದ ದಿನವೂ ಕುಡಿಯುವವರು ಛಲದಿಂದ ಒಂದೇ ದಿನಕ್ಕೆ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಭ್ರಮೆ ಬರುವ ಸಂಭವವಿದೆ. ಕುಡಿತ ಬಿಡಿಸುವ ಕೆಲಸ ಡಾಕ್ಟರ ಮೇಲ್ವಿಚಾರಣೆಯಲ್ಲೇ ಆಗಬೇಕು.

ಈಗ ಬಾಗಿಲ ಒಳಗೆ ಹೋಗೋಣ. ಅಲ್ಲಿ ಮಲಗಿಸುವ ಮಂಚ ಇರುವುದಿಲ್ಲ, ಯಂತ್ರ ಇರುವುದಿಲ್ಲ. ಒಂದು ಮೇಜು, ಮೂರ್ನಾಲ್ಕು ಕುರ್ಚಿ, ನೀರಿನ ಬಾಟಲಿ, ಕಣ್ಣೊರೆಸಿಕೊಳ್ಳಲು ಕಾಗದ. ಮೊದಲ ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹೆಸರು, ವಯಸ್ಸು, ಊರು, ಕೆಲಸ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬ ಸಲೀಸಾದ ಪ್ರಶ್ನೆಗಳಿಂದ ಶುರು. ಆಮೇಲೆ, ಏನು ತೊಂದರೆ, ಯಾವಾಗಿನಿಂದ, ನಿದ್ದೆ ಹೇಗೆ, ಹಸಿವು ಹೇಗೆ, ಮುಂಚೆ ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತೇ ಎಂಬ ಪ್ರಶ್ನೆಗಳು. ಕೆಲವೊಮ್ಮೆ ಒಂದು ಹಾಳೆಯನ್ನೂ ಕೊಡಬಹುದು. ಖಿನ್ನತೆ ಎಷ್ಟಿದೆ ಎಂದು ಅಳೆಯಲು ಜಗತ್ತಿನಾದ್ಯಂತ ಬಳಸುವ ಒಂದು ಹಾಳೆಯಲ್ಲಿ ಒಂಬತ್ತೇ ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂದಷ್ಟೇ ಅದು ಕೇಳುತ್ತದೆ. ಅದರಲ್ಲಿ ಪಾಸು, ಫೇಲು ಇಲ್ಲ.

ಒಂದು ಮೊದಲ ಭೇಟಿಯನ್ನು ನಿಮ್ಮ ಮುಂದಿಡುತ್ತೇನೆ. ಇದು ಯಾರೋ ಒಬ್ಬರ ಕಥೆಯಲ್ಲ. ಹಲವರ ಮಾತುಗಳನ್ನು ಸೇರಿಸಿ, ಗುರುತು ಸಿಗದ ಹಾಗೆ ಹೆಣೆದದ್ದು. ಹಳ್ಳಿಯಿಂದ ಬಂದ ಒಬ್ಬ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಜೊತೆಗೆ ಗಂಡ, ಅತ್ತೆ. ಕೈಯಲ್ಲಿ ಪ್ಲಾಸ್ಟಿಕ್ ಕವರಿನ ತುಂಬ ರಿಪೋರ್ಟುಗಳು. ಇಸಿಜಿ, ಎಕೊ, ಥೈರಾಯ್ಡ್, ರಕ್ತಪರೀಕ್ಷೆ, ಎಲ್ಲವೂ ಆಗಿದೆ. ಎಲ್ಲದರಲ್ಲೂ ದೋಷವಿಲ್ಲ ಎಂದೇ ಬರೆದಿದೆ. ಮಂತ್ರಿಸಿದ ದಾರ ಮಣಿಕಟ್ಟಿನಲ್ಲಿದೆ, ದೃಷ್ಟಿ ತೆಗೆಸಿದ್ದೂ ಆಗಿದೆ.

“ಎಲ್ಲಾ ನಾರ್ಮಲ್ ಅಂತಾರೆ ಮೇಡಂ. ನಾರ್ಮಲ್ ಆದ್ರೆ ನಂಗ್ಯಾಕೆ ಹಿಂಗಾಗುತ್ತೆ? ಎದೆ ಹಿಡ್ಕೊಳ್ಳುತ್ತೆ, ಕೈ ಜೋಮು ಹಿಡಿಯುತ್ತೆ, ಇನ್ನೇನು ಪ್ರಾಣ ಹೋಯ್ತು ಅನ್ನಿಸುತ್ತೆ. ನಾನೇನು ಸುಳ್ಳು ಹೇಳ್ತೀನಾ?”

“ಇಲ್ಲಮ್ಮ, ನೀವು ಹೇಳ್ತಿರೋದು ನಿಜ. ಮೊದಲನೇ ಸಲ ಹೀಗಾದಾಗ ಎಲ್ಲಿದ್ರಿ?”

“ಸಂತೆಗೆ ಹೋಗೋ ಬಸ್ಸಲ್ಲಿ.”

ಅಷ್ಟರಲ್ಲಿ ಅತ್ತೆ ನಡುವೆ ಬಾಯಿ ಹಾಕುತ್ತಾರೆ, “ಹೊತ್ತಿಗೆ ಸರಿಯಾಗಿ ಉಣ್ಣಲ್ಲ ಕಣವ್ವ ಇವಳು, ಅದಕ್ಕೇ ಇದೆಲ್ಲ.” ಗಂಡ, “ಯೋಚನೆ ಜಾಸ್ತಿ ಮಾಡ್ತಾಳೆ” ಎನ್ನುತ್ತಾನೆ. ಅವರಿಬ್ಬರಿಗೂ ಆಕೆಯ ಮೇಲೆ ಅಕ್ಕರೆ ಇಲ್ಲದಿಲ್ಲ. ಇಲ್ಲದಿದ್ದರೆ ಕೂಲಿ ಬಿಟ್ಟು ಇಷ್ಟು ದೂರ ಬರುತ್ತಿರಲಿಲ್ಲ. ಆದರೆ ಆಕೆ ತನ್ನ ಮಾತನ್ನು ತಾನೇ ಆಡಬೇಕು. “ಅಮ್ಮ, ನಿಮ್ಮ ಮಾತೂ ಕೇಳ್ತೀನಿ. ಈಗ ಸ್ವಲ್ಪ ಹೊತ್ತು ಇವರೊಬ್ಬರ ಹತ್ರಾನೇ ಮಾತಾಡ್ತೀನಿ, ನೀವಿಬ್ಬರೂ ಹೊರಗೆ ಕೂತಿರಿ” ಎಂದು ಹೇಳುವುದು ನಮ್ಮ ಕೆಲಸದ ಒಂದು ಭಾಗ.

ಬಾಗಿಲು ಮುಚ್ಚಿದ ಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ನಾನೂ ಅವಸರ ಮಾಡುವುದಿಲ್ಲ. ಆಮೇಲೆ ನಿಧಾನವಾಗಿ ಬರುತ್ತದೆ ಮಾತು. ಹೋದ ವರ್ಷ ತಮ್ಮ ತೀರಿಕೊಂಡ. ಎದೆನೋವು ಎಂದ, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ವಾರಕ್ಕೆಲ್ಲ ಗಂಡನ ಮನೆಯಲ್ಲಿ ಮದುವೆ. ಅತ್ತರೆ ಅಪಶಕುನ ಎಂದಾರು ಎಂದು ಅಳಲೂ ಇಲ್ಲ. ಆ ಮದುವೆ ಮುಗಿದು ಕೆಲವೇ ದಿನಕ್ಕೆ, ಕಿಕ್ಕಿರಿದ ಬಸ್ಸಿನಲ್ಲಿ, ಆಕೆಯ ಎದೆ ಮೊದಲ ಸಲ ಹಿಡಿದುಕೊಂಡಿತು. ತಮ್ಮನಿಗಾದದ್ದೇ ನನಗೂ ಆಗುತ್ತಿದೆ ಎಂದು ಆಕೆಗೆ ಅನಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಹೃದಯದ ಪರೀಕ್ಷೆಗಳೆಲ್ಲ ಸರಿಯಿವೆ ಎಂದು ಮತ್ತೊಮ್ಮೆ ಖಚಿತ ಮಾಡಿಕೊಂಡು, “ಬನ್ನಿ, ಇಬ್ಬರೂ ಒಂದು ನಿಮಿಷ ಜೋರಾಗಿ ಉಸಿರಾಡೋಣ” ಎನ್ನುತ್ತೇನೆ. ಓಡಿ ಬಂದವರ ಹಾಗೆ ಇಬ್ಬರೂ ಉಸಿರಾಡುತ್ತೇವೆ. ಅರ್ಧ ನಿಮಿಷ ದಾಟುವಷ್ಟರಲ್ಲಿ ಆಕೆ ಕೈ ನೋಡಿಕೊಳ್ಳುತ್ತಾಳೆ. ಬೆರಳ ತುದಿ ಜುಮುಗುಡುತ್ತಿದೆ, ತಲೆ ಹಗುರಾಗುತ್ತಿದೆ. “ಇದೇ ಮೇಡಂ! ಬಸ್ಸಲ್ಲಿ ಆಗಿದ್ದು ಇದೇ!” ನನಗೂ ಜೋಮು ಹಿಡಿದಿದೆ ಎಂದು ನನ್ನ ಕೈ ತೋರಿಸುತ್ತೇನೆ. ಆಮೇಲೆ ಇಬ್ಬರೂ ಮೆಲ್ಲಗೆ ಉಸಿರಾಡುತ್ತೇವೆ. ಎರಡು ಮೂರು ನಿಮಿಷಕ್ಕೆ ಎಲ್ಲ ಇಳಿಯುತ್ತದೆ.

ಇದರ ಹಿಂದಿರುವ ಕಾರಣ ಸರಳ. ಭಯವಾದಾಗ ನಮಗೇ ತಿಳಿಯದಂತೆ ಉಸಿರಾಟ ಜೋರಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಅದು ಕಡಿಮೆಯಾದಾಗ ಮಿದುಳಿಗೆ ಹೋಗುವ ರಕ್ತನಾಳಗಳು ಸ್ವಲ್ಪ ಕಿರಿದಾಗಿ ತಲೆ ಸುತ್ತುತ್ತದೆ. ಬೆರಳು, ತುಟಿ ಜೋಮು ಹಿಡಿಯುತ್ತವೆ. ಎದೆ ಬಿಗಿಯುತ್ತದೆ. ಹೃದಯಾಘಾತವೇ ಇರಬೇಕು ಎಂದುಕೊಂಡೊಡನೆ ಭಯ ಇನ್ನಷ್ಟು ಏರುತ್ತದೆ, ಉಸಿರು ಇನ್ನಷ್ಟು ಜೋರಾಗುತ್ತದೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡವರಿಗೆ ಸಾವೇ ಬಂದಂತೆ ಅನಿಸುವುದು ಸಹಜ. ಆದರೆ ಆ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಏರಿ ತಾನಾಗಿಯೇ ಇಳಿಯುತ್ತದೆ. ಇದನ್ನು ಪ್ಯಾನಿಕ್ ಎನ್ನುತ್ತೇವೆ. ದಯವಿಟ್ಟು ಮನೆಯಲ್ಲಿ ನೀವೇ ಜೋರು ಉಸಿರಿನ ಪ್ರಯೋಗ ಮಾಡಬೇಡಿ. ಎದೆನೋವು ಬಂದರೆ ಮೊದಲು ಹೃದಯದ ಪರೀಕ್ಷೆ ಆಗಲೇಬೇಕು.

ಆ ದಿನದ ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ: “ಏನಾದ್ರೆ ನಾನು ಸರಿಹೋದೆ ಅಂದ್ಕೊಳ್ತೀರಿ?” ಆಕೆ ಯೋಚಿಸಿ ಹೇಳುತ್ತಾಳೆ, “ಅವ್ವನ್ನ ನೋಡಕ್ಕೆ ಒಬ್ಬಳೇ ಬಸ್ಸತ್ತಿ ಹೋಗಿ ಬರ್ಬೇಕು.” ಅಲ್ಲಿಗೆ ನಮ್ಮ ಗುರಿ ಗೊತ್ತಾಯಿತು. ಮುಂದಿನ ವಾರಗಳಲ್ಲಿ ನಿಧಾನ ಉಸಿರಾಟದ ಅಭ್ಯಾಸ, ನಿಂತ ಬಸ್ಸಿನಲ್ಲಿ ಕೂತು ಬರುವುದು, ಒಂದು ಸ್ಟಾಪು ದೂರ ಹೋಗುವುದು, ಹೀಗೆ ಹಂತಹಂತವಾಗಿ ಮುಂದುವರಿಯುತ್ತೇವೆ. ಜೊತೆಗೆ, ಅಳದೆ ಉಳಿದ ತಮ್ಮನ ದುಃಖಕ್ಕೂ ಜಾಗ ಮಾಡಿಕೊಡುತ್ತೇವೆ. ಮೊದಲ ದಿನ ನಡೆದದ್ದು ಇಷ್ಟೇ. ಬೈಗುಳವಿಲ್ಲ, ಉಪದೇಶವಿಲ್ಲ, ‘ಧೈರ್ಯ ತಗೋ’ ಎಂಬ ಒಣಮಾತೂ ಇಲ್ಲ. ಆಕೆಗೆ ಆಗುತ್ತಿದ್ದದ್ದು ನಿಜವೆಂದು ಒಬ್ಬರು ಒಪ್ಪಿಕೊಂಡರು, ಅದು ಯಾಕೆ ಆಗುತ್ತಿದೆ ಎಂದು ತೋರಿಸಿದರು, ಮುಂದಿನ ದಾರಿಯನ್ನು ಆಕೆಯ ಜೊತೆಯಲ್ಲೇ ಕೂತು ಹಾಕಿಕೊಂಡರು.

‘ನಾನು ಹೇಳಿದ್ದು ಹೊರಗೆ ಹೋಗುವುದಿಲ್ಲ ತಾನೆ?’ ಬಹಳ ಮಂದಿ ಕೇಳುವ, ಕೇಳಲೇಬೇಕಾದ ಪ್ರಶ್ನೆ ಇದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಗೆ ಬಂದವರ ಗುಟ್ಟನ್ನು ಕಾಪಾಡುವುದನ್ನು ಅವರ ಹಕ್ಕೆಂದೇ ಸಾರಿದೆ. ನಿಮ್ಮ ಮೇಲಧಿಕಾರಿಗಾಗಲಿ, ಹೆಣ್ಣು ನೋಡಲು ಬಂದ ಕಡೆಯವರಿಗಾಗಲಿ, ನೆರೆಮನೆಯವರಿಗಾಗಲಿ ನಾವು ಏನನ್ನೂ ಹೇಳುವಂತಿಲ್ಲ. ಇದಕ್ಕೆ ಕೆಲವು ಮಿತಿಗಳಿವೆ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಅದನ್ನು ತಪ್ಪಿಸಲು ಬೇಕಾದಷ್ಟನ್ನು ಹೇಳಬೇಕಾಗುತ್ತದೆ. ಹದಿನೆಂಟು ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಈ ಮಿತಿಗಳನ್ನು ಮೊದಲ ದಿನವೇ ನಿಮಗೆ ವಿವರಿಸುವುದು ನಮ್ಮ ಕರ್ತವ್ಯ.

ಸಾಯಬೇಕು ಎಂಬ ಯೋಚನೆ ಬಂದಿದೆಯೇ ಎಂದು ನಾವು ನೇರವಾಗಿಯೇ ಕೇಳುತ್ತೇವೆ. ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ ಎಂಬುದು ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಒಬ್ಬರಾದರೂ ಕೇಳಿದರಲ್ಲ ಎಂದು ಎದೆಯ ಭಾರ ಇಳಿಸಿಕೊಳ್ಳುವವರೇ ಹೆಚ್ಚು. ಹೇಳಿಕೊಂಡರೆ ಪೊಲೀಸ್ ಕೇಸು ಆಗುತ್ತದೆ ಎಂಬ ಭಯವೂ ಬೇಡ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸದೆ ಆರೈಕೆ ಮಾಡಬೇಕು ಎಂದು ಅದೇ 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ.

ಮೊದಲ ಸಲ ಹೋಗುವಾಗ ಏನು ತಯಾರಿ ಬೇಕು? ಹೆಚ್ಚೇನೂ ಬೇಡ. ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಆಯುರ್ವೇದದ ಔಷಧಿ ಇದ್ದರೆ ಅದೂ, ರಕ್ತಪರೀಕ್ಷೆಯ ರಿಪೋರ್ಟುಗಳು. ಥೈರಾಯ್ಡ್ ಕಡಿಮೆಯಾದರೂ, ಬಿ-12 ಜೀವಸತ್ವ ಕಡಿಮೆಯಾದರೂ ಮನಸ್ಸು ಕುಗ್ಗುವುದುಂಟು. ಹಾಗಾಗಿ ಅವನ್ನು ನೋಡಬೇಕಾಗುತ್ತದೆ. ಹೇಳಬೇಕಾದ್ದು ಅಲ್ಲಿ ಮರೆತುಹೋದೀತು ಎನಿಸಿದರೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಗುರುತು ಹಾಕಿಕೊಳ್ಳಿ. ಅಷ್ಟನ್ನೂ ಒಂದೇ ದಿನ ಹೇಳಿ ಮುಗಿಸಬೇಕೆಂದೇನೂ ಇಲ್ಲ. ‘ಇದನ್ನು ಈಗ ಹೇಳಲಾರೆ, ಇನ್ನೊಮ್ಮೆ ಹೇಳುತ್ತೇನೆ’ ಎಂದರೆ ಯಾರೂ ಒತ್ತಾಯಿಸುವುದಿಲ್ಲ. ಅತ್ತರೆ ನಾಚಿಕೆಪಡಬೇಕಾಗಿಲ್ಲ. ನಿಮ್ಮ ಭಾಷೆಯಲ್ಲೇ ಮಾತಾಡಿ. ಬೆಂಗಳೂರಿನಂಥ ಊರಿನಲ್ಲಿದ್ದರೆ, ಕನ್ನಡದಲ್ಲಿ ಮಾತಾಡುವವರು ಬೇಕು ಎಂದು ಫೋನಿನಲ್ಲಿಯೇ ಕೇಳಿ. ಹುಬ್ಬಳ್ಳಿಯವರು ಹುಬ್ಬಳ್ಳಿಯ ಮಾತಿನಲ್ಲಿ, ಮಂಗಳೂರಿನವರು ಮಂಗಳೂರಿನ ಮಾತಿನಲ್ಲಿ ದುಃಖ ಹೇಳಿಕೊಂಡರೇನೇ ಅದು ಪೂರ್ತಿ ಹೊರಗೆ ಬರುವುದು.

ನೀವೂ ಪ್ರಶ್ನೆ ಕೇಳಿ. ನಿಮ್ಮ ಓದು ಏನು, ನೋಂದಣಿ ಇದೆಯೇ, ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ, ಸುಮಾರು ಎಷ್ಟು ಸಲ ಬರಬೇಕಾಗಬಹುದು, ಶುಲ್ಕ ಎಷ್ಟು ಎಂದೆಲ್ಲ ಕೇಳುವುದರಲ್ಲಿ ಅವಿನಯವಿಲ್ಲ. ಒಂದೇ ಭೇಟಿಗೆ ಗುಣಪಡಿಸುತ್ತೇನೆ ಎನ್ನುವವರನ್ನು, ನಿಮ್ಮ ಜಾತಿ, ಬಟ್ಟೆ, ನಡತೆಯ ಬಗ್ಗೆ ತೀರ್ಪು ಕೊಡುವವರನ್ನು ಬಿಟ್ಟು ಬನ್ನಿ. ಒಬ್ಬರ ಜೊತೆ ಹೊಂದಿಕೆಯಾಗದಿದ್ದರೆ ಇನ್ನೊಬ್ಬರನ್ನು ಕಾಣಿ. ಆದರೆ ಒಬ್ಬರು ಸರಿಹೋಗಲಿಲ್ಲವೆಂದು ಆ ದಾರಿಯನ್ನೇ ಬಿಟ್ಟುಬಿಡಬೇಡಿ. ಎರಡು ಮೂರು ಭೇಟಿಯಾದರೂ ಸಮಯ ಕೊಡಿ. ಮೊದಲ ದಿನ ಮನೆಗೆ ಬಂದಾಗ ಮೈ ಸೋತು ನಿದ್ದೆ ಬಂದಂತಾಗಬಹುದು. ಎಷ್ಟೋ ಕಾಲ ಕಟ್ಟಿಟ್ಟ ಮಾತು ಹೊರಬಂದಾಗ ಹಾಗಾಗುತ್ತದೆ.

ಮನಶ್ಶಾಸ್ತ್ರಜ್ಞರು ಏನು ಮಾಡುವುದಿಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಮುಖ ನೋಡಿ ಮನಸ್ಸು ಓದುವ ಶಕ್ತಿ ನಮಗಿಲ್ಲ. ಗಂಡನನ್ನು ಬಿಡಬೇಕೇ, ಕೆಲಸ ಬಿಡಬೇಕೇ ಎಂದು ನಿಮ್ಮ ಪರವಾಗಿ ನಾವು ತೀರ್ಮಾನಿಸುವುದಿಲ್ಲ. ತೀರ್ಮಾನ ಮಾಡುವ ಸ್ಥಿತಿಗೆ ನೀವು ಬರುವಂತೆ ಜೊತೆಗಿರುತ್ತೇವೆ. ದೇವರು, ಹರಕೆ, ಪೂಜೆಗಳನ್ನು ಬಿಡಿ ಎಂದೂ ಹೇಳುವುದಿಲ್ಲ. ನಿಮಗೆ ನೆಮ್ಮದಿ ಕೊಡುವ ದೇವಸ್ಥಾನಕ್ಕೂ ದರ್ಗಾಕ್ಕೂ ಇಗರ್ಜಿಗೂ ಹೋಗಿ ಬನ್ನಿ. ಚಿಕಿತ್ಸೆಯನ್ನೂ ಮುಂದುವರಿಸಿ. ಹೊಡೆದು, ಬಡಿದು, ಕಟ್ಟಿಹಾಕಿ, ಹೊಗೆ ಹಾಕಿ ಗಾಳಿ ಬಿಡಿಸುತ್ತೇವೆ ಎನ್ನುವವರ ಕೈಗೆ ಮಾತ್ರ ನಿಮ್ಮವರನ್ನು ಒಪ್ಪಿಸಬೇಡಿ.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಉಳಿಯಿತು. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೇ ಒಯ್ದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿ. ಈ ಕಾರ್ಯಕ್ರಮದಡಿ ಜಿಲ್ಲಾ ಕೇಂದ್ರಗಳಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಕೆಲಸ ಮಾಡುತ್ತಾರೆ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬಂದು ನೋಡುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿ ನೋಡಿ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗಗಳಿವೆ.

ಎಲ್ಲಿಗೂ ಹೋಗಲಾಗದ ರಾತ್ರಿಯೊಂದು ಬಂದರೆ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ ಒಂದು ನಾಲ್ಕು ನಾಲ್ಕು ಒಂದು ಆರು, 14416. ಹಗಲಿರುಳು ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಖಾಮುಖಿ ಕೂರುವ ಧೈರ್ಯ ಇನ್ನೂ ಬಾರದವರಿಗೆ ಇದೇ ಮೊದಲ ಹೆಜ್ಜೆಯಾಗಬಹುದು. ದಯವಿಟ್ಟು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮನೆಯವರಿಗೂ ಕೊಡಿ.

ಕೊನೆಯದಾಗಿ, ಮನೆಯ ಹಿರಿಯರಲ್ಲಿ ಒಂದು ಮಾತು. ಮಗನೋ ಮಗಳೋ ಬಂದು ‘ನನಗೆ ಯಾಕೋ ಆಗ್ತಿಲ್ಲ, ಯಾರನ್ನಾದರೂ ಕಾಣಬೇಕು’ ಎಂದರೆ, ನಿನಗೇನು ಕಡಿಮೆಯಾಗಿದೆ ಎಂದು ಗದರಬೇಡಿ. ಅಷ್ಟು ಹೇಳಲು ಅವರು ಎಷ್ಟು ದಿನ ಒದ್ದಾಡಿರುತ್ತಾರೋ. ಸೊಸೆ ತಲೆನೋವೆಂದು ಪದೇ ಪದೇ ಮಲಗಿದರೆ, ಮಾತೇ ಆಡದ ಅಪ್ಪ ಹೊಲದ ಬದುವಿನ ಮೇಲೆ ದಿನವಿಡೀ ಸುಮ್ಮನೆ ಕೂರತೊಡಗಿದರೆ, ಅದನ್ನು ಗಮನಿಸಿ. ಗಂಡಸರು ಹೇಳಿಕೊಳ್ಳುವುದು ಕಡಿಮೆ. ಅವರನ್ನು ಎರಡು ಸಲ ಕೇಳಿ.

ತೊಂದರೆ ಬೆಟ್ಟದಷ್ಟಾಗುವವರೆಗೂ ಯಾರೂ ಕಾಯಬೇಕಾಗಿಲ್ಲ. ಎರಡು ವಾರದಿಂದ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಅಷ್ಟೇ ಸಾಕು, ಹೋಗಿ ಬನ್ನಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಕಚೇರಿಯಲ್ಲಿ ಹಾಗೆ ಸೊರಗುತ್ತಿರುವವರು ಯಾರಾದರೂ ಇದ್ದರೆ, ಇವತ್ತೇ ಅವರ ಪಕ್ಕ ಕೂತು, ‘ಒಂದು ಸಲ ತೋರಿಸಿಕೊಂಡು ಬರೋಣ, ನಾನೂ ಜೊತೆಗೆ ಬರ್ತೀನಿ’ ಎಂದು ಹೇಳಿ.